ಡ್ಯಾಷ್‌ಬೋರ್ಡಿನ ಬೆನ್ನ ಹಿಂದೆ

ಇಂಗ್ಲೆಂಡಿನಲ್ಲಿ ಜನವರಿ ತಿಂಗಳ ಒಂದು ಮುಂಜಾನೆ. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿದೆ. ಹಳ್ಳಿಗಾಡಿನ ಕಿರಿದಾದ ರಸ್ತೆಯಲ್ಲಿ ಕೆಂಪು ಬಣ್ಣದ ಪುಟ್ಟ ಕಾರೊಂದು ಬರುತ್ತಿರುವುದನ್ನು ವಾಚಕರು ಊಹಿಸಿಕೊಳ್ಳಬಹುದು. ಅದರ ವಯಸ್ಸು ಐವತ್ತನ್ನು ದಾಟಿದೆ. ನೋಡಿದವರು ಮಾತ್ರ ಹಾಗೆನ್ನಲಾರರು. ಮೈಬಣ್ಣ ಕನ್ನಡಿಯಂತೆ ಹೊಳೆಯುತ್ತಿದೆ. ಬಂಪರುಗಳಿಗೆ ಹೊಸದಾಗಿ ಕ್ರೋಮಿಯಂ ಲೇಪನವಾಗಿದೆ. ಚಕ್ರದ ತಂತಿಕಡ್ಡಿಗಳಲ್ಲಿ ಒಂದಕ್ಕೂ ತುಕ್ಕಿಲ್ಲ. ದಾರಿಹೋಕರು ನಿಂತು ನೋಡುತ್ತಾರೆ, ಮಕ್ಕಳು ಕೈಬೀಸುತ್ತಾರೆ.

ಒಳಗಿನ ನೋಟವೇ ಬೇರೆ. ಯಜಮಾನರು ಬಲಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಎಡಗೈಯಲ್ಲಿ ಒಂದು ಬಟ್ಟೆ ಹಿಡಿದು, ಮುಂದಿನ ಗಾಜನ್ನು ಒರೆಸುತ್ತಲೇ ಇದ್ದಾರೆ. ಒರೆಸಿದ ಅರೆನಿಮಿಷಕ್ಕೆ ಗಾಜು ಮತ್ತೆ ಮಸುಕು. ಹೀಟರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಯಾಗಿದೆ, ಫ್ಯಾನು ಗುಂಯ್‌ಗುಡುತ್ತಿದೆ, ಆದರೆ ಬಿಸಿಗಾಳಿ ಎಲ್ಲಿ ಹೋಗುತ್ತಿದೆಯೋ ದೇವರೇ ಬಲ್ಲ. ಪಕ್ಕದಲ್ಲಿ ಕುಳಿತ ಗೃಹಿಣಿಯ ಬಿಳಿಯ ಕೋಟಿನ ಮೇಲೆ ಆಗಾಗ ಕರಿಯ ಹುಡಿ ಉದುರುತ್ತಿದೆ. ಆಕೆ ಅದನ್ನು ಕೊಡವುತ್ತಾರೆ. ಕೊಡವಿದರೆ ಅದು ಬಟ್ಟೆಗೆ ಮೆತ್ತಿಕೊಳ್ಳುತ್ತದೆ. ಕಾಲಡಿಯ ಜಮಖಾನ ತೇವವಾಗಿದೆ. ಮೂಗಿಗೆ ಪೆಟ್ರೋಲಿನ ಸಣ್ಣ ವಾಸನೆಯೂ ಬರುತ್ತಿದೆ.

ಮೈಬಣ್ಣಕ್ಕೂ ಕ್ರೋಮಿಯಮ್ಮಿಗೂ ಸಾವಿರಾರು ಪೌಂಡು ಸುರಿಸಿಕೊಂಡ ಈ ಕಾರಿಗೆ ಬಂದಿರುವ ರೋಗವಾದರೂ ಏನು? ಒಂದೆರಡು ಬೆರಳಿನಷ್ಟು ಅಗಲದ ಕೆಲವು ಸ್ಪಂಜಿನ ಪಟ್ಟಿಗಳು! ಗಾಳಿಯನ್ನು ಒಯ್ಯುವ ಕೊಳವೆಗಳ ಸಂದುಗಳನ್ನು ಮುಚ್ಚಲು ಕಾರ್ಖಾನೆಯವರು ಅಂಟಿಸಿದ ಈ ಪಟ್ಟಿಗಳಿಗೆ ಸೀಲು ಎಂದು ಹೆಸರು. ಅವು ಡ್ಯಾಷ್‌ಬೋರ್ಡಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕತ್ತಲೆಯಲ್ಲಿ, ಹಲವು ವರ್ಷಗಳ ಹಿಂದೆಯೇ ಪುಡಿಯಾಗಿಹೋಗಿವೆ.

ಅಬಿಂಗ್ಡನ್ನಿನ ಕೂಸು

ಈ ಕಾರಿನ ಹೆಸರು ಎಂಜಿಬಿ. ಎಂ ಮತ್ತು ಜಿ ಎಂದರೆ ಮಾರಿಸ್ ಗರಾಜು. ಆಕ್ಸ್‌ಫರ್ಡ್ ನಗರದಲ್ಲಿ ಬೈಸಿಕಲ್ ರಿಪೇರಿಯಿಂದ ಬದುಕು ಆರಂಭಿಸಿ, ಮುಂದೆ ಬ್ರಿಟನ್ನಿನ ದೊಡ್ಡ ಕಾರು ತಯಾರಕರಲ್ಲಿ ಒಬ್ಬನಾದ ವಿಲಿಯಂ ಮಾರಿಸನ ಮಾರಾಟದ ಅಂಗಡಿಗೆ ಆ ಹೆಸರಿತ್ತು. ಆಕ್ಸ್‌ಫರ್ಡಿಗೆ ಸಮೀಪದ ಅಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಲ್ಲಿ ಮೊದಲ ಎಂಜಿಬಿ ಹೊರಬಂದಿತು, 1980ರಲ್ಲಿ ಕೊನೆಯದು. ಈ 18 ವರ್ಷಗಳಲ್ಲಿ ತಯಾರಾದವು 5 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಸಿರಿವಂತರ ಆಟಿಕೆಯಾಗಿದ್ದ ಎರಡು ಸೀಟಿನ ತೆರೆದ ಕಾರನ್ನು ಸಂಬಳದಾರನ ಕೈಗೆಟಕುವಂತೆ ಮಾಡಿದ್ದು ಇದರ ಹಿರಿಮೆ.

ನಮ್ಮ ನಾಡಿನವರಿಗೆ ಎಂಜಿಬಿ ಅಷ್ಟಾಗಿ ಪರಿಚಯವಿಲ್ಲದಿರಬಹುದು. ಆದರೆ ಅದರ ದಾಯಾದಿಯೊಬ್ಬ ಮೊನ್ನೆ ಮೊನ್ನೆಯವರೆಗೂ ನಮ್ಮ ಪ್ರತಿಯೊಂದು ಬೀದಿಯಲ್ಲೂ ಓಡಾಡುತ್ತಿದ್ದ. ಎಂಜಿಬಿಯ 1798 ಘನ ಸೆಂಟಿಮೀಟರಿನ ಎಂಜಿನ್ನೂ, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್ ಕಾರಿಗೆ ಬಹುಕಾಲ ಜೀವ ಕೊಟ್ಟ 1489 ಘನ ಸೆಂಟಿಮೀಟರಿನ ಎಂಜಿನ್ನೂ ಒಂದೇ ತಾಯಿಯ ಮಕ್ಕಳು; ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಸರಣಿಗೆ ಸೇರಿದವು. ಮಳೆಗಾಲದಲ್ಲಿ ಅಂಬಾಸಡರಿನಲ್ಲಿ ಆರೇಳು ಮಂದಿ ಒತ್ತಾಗಿ ಕುಳಿತು, ಕಿಟಕಿ ಏರಿಸಿಕೊಂಡು, ಆಗುಂಬೆಯ ಘಾಟಿಯನ್ನು ಇಳಿದವರಿಗೆ ಮಸುಕಾದ ಗಾಜಿನ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಸೀಟಿನಲ್ಲಿ ಕುಳಿತವನ ಕೈಗೆ ಬಟ್ಟೆ ಕೊಟ್ಟು ‘ಒರೆಸುತ್ತಿರಿ ಸ್ವಾಮಿ’ ಎನ್ನುವುದೇ ಅಲ್ಲಿನ ಚಿಕಿತ್ಸೆಯಾಗಿತ್ತು.

ಗಾಜು ಮಸುಕಾಗುವ ಕಾರಣ ಸರಳವಾದದ್ದು. ಉಸಿರಿನಲ್ಲಿ ನೀರಿನ ಆವಿಯಿರುತ್ತದೆ. 20 ಡಿಗ್ರಿ ಸೆಂಟಿಗ್ರೇಡ್ ಶಾಖದ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರನ್ನು ಆವಿಯಾಗಿ ಹೊತ್ತುಕೊಳ್ಳಬಲ್ಲದು. ಅದೇ ಗಾಳಿ 0 ಡಿಗ್ರಿಗೆ ತಣಿದರೆ ಹೊರಬಲ್ಲದ್ದು 5 ಗ್ರಾಮಿಗಿಂತ ಕಡಿಮೆ. ಚಳಿಗೆ ಕೊರೆಯುವ ಗಾಜನ್ನು ಮುಟ್ಟಿದ ಉಸಿರು ತನ್ನ ಹೊರೆಯನ್ನು ಅಲ್ಲೇ ಇಳಿಸಿಬಿಡುತ್ತದೆ. ಇದಕ್ಕೆ ಪ್ರತಿಯಾಗಿ, ಹೊರಗಿನ ಗಾಳಿಯನ್ನು ಒಳಗೆಳೆದು, 40 ಡಿಗ್ರಿಯವರೆಗೆ ಕಾಯಿಸಿ ಗಾಜಿನ ಮೇಲೆ ಬೀಸಿದರೆ, ಅದು ಬಾಯಾರಿದ ಗಾಳಿಯಾಗಿರುತ್ತದೆ. ತಾನು ಹೊರಬಲ್ಲ ನೀರಿನಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಅದರಲ್ಲಿರುತ್ತದೆ. ಗಾಜಿನ ಮೇಲಿನ ತೇವವನ್ನು ಅದು ಹೀರಿಕೊಂಡು ಹೋಗುತ್ತದೆ. ಇಷ್ಟೇ ವಿಷಯ. ಆದರೆ ಆ ಗಾಳಿ ಗಾಜನ್ನು ತಲುಪಬೇಕಲ್ಲ!

ಗಾಳಿ ನಡೆದುಬರುವ ಹಾದಿ

ಎಂಜಿಬಿಯ ಮುಂಗಾಜಿನ ಬುಡದಲ್ಲಿ ಒಂದು ಜಾಲರಿಯಿದೆ. ಹೊರಗಿನ ಗಾಳಿ ಅದರ ಮೂಲಕ ಕೆಳಗಿನ ತಗಡಿನ ಗೂಡಿಗೆ ಇಳಿಯುತ್ತದೆ. ಮಳೆಯ ನೀರೂ ಅದೇ ದಾರಿಯಲ್ಲಿ ಇಳಿಯುವುದರಿಂದ, ಅದು ಹೊರಹೋಗಲು ಗೂಡಿನ ತಳದಲ್ಲಿ ಒಂದು ರಬ್ಬರಿನ ನಳಿಗೆ. ಗಾಳಿ ಮಾತ್ರ ಮುಂದುವರಿದು ಹೀಟರಿನ ಪೆಟ್ಟಿಗೆಗೆ ಹೋಗುತ್ತದೆ. ಈ ಪೆಟ್ಟಿಗೆ ಎಂಜಿನ್ನಿರುವ ಕೋಣೆಯ ಹಿಂಭಾಗದಲ್ಲಿ, ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವಿನ ಅಡ್ಡಗೋಡೆಯ ಕಟ್ಟೆಯ ಮೇಲೆ ಕುಳಿತಿದೆ. ಒಳಗೆ ಒಂದು ಪುಟ್ಟ ರೇಡಿಯೇಟರು. ಎಂಜಿನ್ನಿನಿಂದ ಬರುವ ಬಿಸಿನೀರು ಅದರಲ್ಲಿ ಹರಿಯುತ್ತದೆ. ಫ್ಯಾನು ನೂಕಿದ ಗಾಳಿ ಅದರ ರೆಕ್ಕೆಗಳ ನಡುವೆ ತೂರಿ, ಬಿಸಿಯಾಗಿ, ಅಡ್ಡಗೋಡೆಯ ಕಂಡಿಯ ಮೂಲಕ ಡ್ಯಾಷ್‌ಬೋರ್ಡಿನ ಹಿಂಬದಿಗೆ ಬರುತ್ತದೆ. ಅಲ್ಲಿ ಅದಕ್ಕೆ ಎರಡು ದಾರಿ: ಒಂದು ಕಾಲಿನ ಬಳಿಗೆ, ಇನ್ನೊಂದು ಎರಡು ಬಾಗು ಕೊಳವೆಗಳ ಮೂಲಕ ಮುಂಗಾಜಿನ ಬುಡದ ಸೀಳುಗಳಿಗೆ. 1970ರ ದಶಕದ ಮಾದರಿಗಳಲ್ಲಿ ಡ್ಯಾಷ್‌ಬೋರ್ಡಿನ ನಡುವೆ ಮುಖಕ್ಕೆ ತಂಗಾಳಿ ಬೀಸುವ ಬಾಯಿಗಳೂ ಸೇರಿಕೊಂಡವು. ಮೊದಲ ವರ್ಷಗಳಲ್ಲಿ ಈ ಹೀಟರನ್ನೇ ಬೇರೆ ಹಣ ತೆತ್ತು ಕೊಳ್ಳಬೇಕಾಗಿತ್ತು ಎಂದರೆ ಇಂದಿನವರು ನಗಬಹುದು. ಚಳಿಯ ದೇಶದಲ್ಲಿ ಬೆಚ್ಚನೆಯ ಗಾಳಿ ಐಷಾರಾಮವಾಗಿದ್ದ ಕಾಲವದು.

ಈ ಹಾದಿಯುದ್ದಕ್ಕೂ ಒಂದು ಭಾಗ ಇನ್ನೊಂದಕ್ಕೆ ಸೇರುವ ಎಡೆಯಲ್ಲೆಲ್ಲ ಸಂದು. ಪುಟ್ಟ ರೇಡಿಯೇಟರಿಗೂ ಪೆಟ್ಟಿಗೆಯ ಗೋಡೆಗೂ ನಡುವೆ. ಪೆಟ್ಟಿಗೆಗೂ ಅಡ್ಡಗೋಡೆಗೂ ನಡುವೆ. ಕೊಳವೆ ಪೆಟ್ಟಿಗೆಯನ್ನು ಕಚ್ಚುವಲ್ಲಿ. ಕೊಳವೆಯ ತುದಿ ಡ್ಯಾಷ್‌ಬೋರ್ಡಿನ ಅಡಿಗೆ ತಾಗುವಲ್ಲಿ. ಇವುಗಳಲ್ಲಿ ಮೊದಲನೆಯದು ಬಾಯಿಬಿಟ್ಟರೆ, ಗಾಳಿ ಬಿಸಿ ರೆಕ್ಕೆಗಳ ನಡುವೆ ಹೋಗುವ ಕಷ್ಟ ತೆಗೆದುಕೊಳ್ಳದೆ ಪಕ್ಕದಿಂದ ನುಸುಳಿ ತಣ್ಣಗೆಯೇ ಹೊರಬರುತ್ತದೆ. ಗಾಳಿಗೂ ನೀರಿಗೂ ಸುಲಭದ ದಾರಿಯೇ ಪ್ರಿಯ. ಕೊನೆಯದು ಬಾಯಿಬಿಟ್ಟರೆ, ಬಿಸಿಗಾಳಿ ಗಾಜನ್ನು ಬಿಟ್ಟು ಮೀಟರುಗಳ ಬೆನ್ನನ್ನು ಕಾಯಿಸುತ್ತ ಕೂರುತ್ತದೆ. ನಮ್ಮ ಕಥೆಯ ಯಜಮಾನರಿಗೆ ಆಗಿರುವುದು ಇವೆರಡೂ.

ಆದರೂ ಇವು ತೊಂದರೆಗಳೇ ಹೊರತು ಅಪಾಯಗಳಲ್ಲ. ಅಪಾಯವಿರುವುದು ಪೆಟ್ಟಿಗೆಗೂ ಅಡ್ಡಗೋಡೆಗೂ ನಡುವಿನ ಸೀಲಿನಲ್ಲಿ. ಅದು ಬರೇ ಬಿಸಿಗಾಳಿಯನ್ನು ಕಾಯುವುದಲ್ಲ. ಎಂಜಿನ್ ಕೋಣೆಯ ಗಾಳಿಯನ್ನು ಪ್ರಯಾಣಿಕರಿಂದ ದೂರವಿಡುವುದೂ ಅದರ ಕೆಲಸವೇ. ಹಳೆಯ ಎಂಜಿನ್ನಿನ ಸುತ್ತ ಪೆಟ್ರೋಲಿನ ಆವಿಯಿರುತ್ತದೆ. ಹೊಗೆಕೊಳವೆಯ ಜೋಡಣೆ ಸ್ವಲ್ಪ ಸಡಿಲವಿದ್ದರೆ ಅದರ ಅನಿಲವೂ ಸೇರುತ್ತದೆ. ಆ ಅನಿಲದಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಚಾಲಕ ಅದನ್ನು ನಿದ್ರೆಯ ಕೊರತೆ ಎಂದುಕೊಳ್ಳುತ್ತಾನೆ. ಎಂಜಿನ್ನನ್ನು ತಣಿಸಿದ ಗಾಳಿಯನ್ನೇ ಹೊಗೆಕೊಳವೆಯ ಸುತ್ತ ಹಾಯಿಸಿ ಒಳಗೆ ಬಿಡುವ ವೋಕ್ಸ್‌ವ್ಯಾಗನ್ ಬೀಟಲಿನ ಹೀಟರಿನ ವಿಷಯದಲ್ಲಿ ಅನುಭವಿಗಳು ಇನ್ನಷ್ಟು ಎಚ್ಚರ ಹೇಳುವುದು ಇದೇ ಕಾರಣಕ್ಕೆ. ಪೆಟ್ರೋಲಿನ ವಾಸನೆ ಬರುತ್ತಿದೆಯೆಂದರೆ, ವಾಸನೆಯಿಲ್ಲದ್ದೂ ಅದರ ಜೊತೆಯಲ್ಲಿ ಬರಲು ದಾರಿ ತೆರೆದಿದೆ ಎಂದೇ ತಿಳಿಯಬೇಕು.

ಬ್ರಿಟನ್ನಿನಲ್ಲಿ ಈ ಮಾತಿಗೆ ಇನ್ನೊಂದು ಮಹತ್ವವೂ ಬಂದಿದೆ. 40 ವರ್ಷ ದಾಟಿದ, ಗಣನೀಯವಾಗಿ ಮಾರ್ಪಾಡಾಗದ ಕಾರುಗಳಿಗೆ ಅಲ್ಲಿ 2018ರ ಮೇ ತಿಂಗಳಿಂದ ವಾರ್ಷಿಕ ಪರೀಕ್ಷೆಯ ಕಡ್ಡಾಯವಿಲ್ಲ. ಮಾಲಿಕ ಒಳ್ಳೆಯ ಸ್ಥಿತಿಯಲ್ಲಿಟ್ಟುಕೊಳ್ಳುತ್ತಾನೆಂಬ ನಂಬಿಕೆಯ ಮೇಲೆ ಕೊಟ್ಟ ರಿಯಾಯಿತಿಯದು. ವರ್ಷಕ್ಕೊಮ್ಮೆ ಕೆಳಗೆ ಬಗ್ಗಿ, ಹೊಗೆಕೊಳವೆಯನ್ನು ಅಲುಗಾಡಿಸಿ ನೋಡುತ್ತಿದ್ದ ಪರೀಕ್ಷಕ ಈಗ ಬರುವುದಿಲ್ಲ. ನೋಡಬೇಕಾದವನು ಮಾಲಿಕನೇ, ಅವನಿಗೋ ಕ್ರೋಮಿಯಂ ಉಜ್ಜುವುದರಲ್ಲೇ ಭಾನುವಾರ ಕಳೆದುಹೋಗುತ್ತದೆ!

ಸ್ಪಂಜಿನ ಆಯುಸ್ಸು

ಉಕ್ಕು ಉಳಿದು ಸ್ಪಂಜು ಸಾಯುವುದೇಕೆ? ಜರ್ಮನಿಯ ರಸಾಯನ ವಿಜ್ಞಾನಿ ಆಟೋ ಬೇಯರ್ ಮತ್ತು ಅವನ ಸಂಗಡಿಗರು 1937ರಲ್ಲಿ ಪಾಲಿಯುರಿಥೇನ್ ಎಂಬ ವಸ್ತುವನ್ನು ಕಂಡುಹಿಡಿದರು. ಎರಡನೆಯ ಮಹಾಯುದ್ಧದ ನಂತರ ಅದರಿಂದ ಮೆತ್ತನೆಯ ಸ್ಪಂಜು ತಯಾರಾಗತೊಡಗಿತು. ಹಾಸಿಗೆ, ಕುರ್ಚಿ, ಕಾರಿನ ಸೀಟು, ಎಲ್ಲೆಂದರಲ್ಲಿ ಅದೇ. ಹಗುರ, ಅಗ್ಗ, ಕತ್ತರಿಯಲ್ಲಿ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಎಂಥ ಓರೆಕೋರೆ ಸಂದಿನಲ್ಲೂ ಒತ್ತಿ ತುಂಬಬಹುದು. ಕಾರು ತಯಾರಕರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಅದರ ಹುಟ್ಟಿನಲ್ಲೇ ಒಂದು ದೌರ್ಬಲ್ಯವಿತ್ತು. ಪಾಲಿಯುರಿಥೇನಿನಲ್ಲಿ ಮುಖ್ಯವಾಗಿ ಎರಡು ಕುಲ. ಒಂದು ಎಸ್ಟರಿನದು, ಇನ್ನೊಂದು ಈಥರಿನದು. ಎಸ್ಟರಿನ ಕುಲಕ್ಕೆ ತೇವವೇ ಶತ್ರು. ಗಾಳಿಯಲ್ಲಿನ ನೀರಿನ ಆವಿ ಅದರ ಅಣುಗಳ ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ತುಂಡರಿಸುತ್ತದೆ. ಶಾಖ ಸೇರಿದರೆ ಕೆಲಸ ಇನ್ನೂ ಬೇಗ. ಮೊದಲು ಅಂಟಂಟಾಗಿ, ಕೊನೆಗೆ ಮುಟ್ಟಿದರೆ ಉದುರುವ ಹುಡಿಯಾಗುತ್ತದೆ. ಈಥರಿನ ಕುಲ ನೀರಿಗೆ ಅಷ್ಟಾಗಿ ಬೆದರದು; ಅದನ್ನು ಬಿಸಿಲೂ ಆಮ್ಲಜನಕವೂ ಕೊಲ್ಲುತ್ತವೆ. 1960ರ ದಶಕದ ಸ್ಪಂಜಿನ ಕುರ್ಚಿಗಳನ್ನೂ ಕಲಾಕೃತಿಗಳನ್ನೂ ಕಾಪಾಡಬೇಕಾದ ವಸ್ತುಸಂಗ್ರಹಾಲಯದವರು ಇದೇ ಚಿಂತೆಯಲ್ಲಿದ್ದಾರೆ. ಸಾವಿರಾರು ವರ್ಷದ ಮಣ್ಣಿನ ಮಡಕೆ ಅವರಿಗೆ ಅಷ್ಟು ಕಾಟ ಕೊಡುವುದಿಲ್ಲ; ಅರುವತ್ತು ವರ್ಷದ ಸ್ಪಂಜು ಕೊಡುತ್ತದೆ. ಇನ್ನು, ಬಿಸಿಯೂ ತೇವವೂ ಸರದಿಯ ಮೇಲೆ ಬರುವ ಹೀಟರಿನ ಪೆಟ್ಟಿಗೆಯಲ್ಲಿ ಆ ಸ್ಪಂಜಿನ ಗತಿ ಹೇಳಬೇಕೆ? ಗೃಹಿಣಿಯ ಕೋಟಿನ ಮೇಲೆ ಬಿದ್ದ ಕರಿಯ ಹುಡಿ ಅದರ ಬೂದಿ.

ಜಮಖಾನದ ತೇವಕ್ಕೆ ಬೇರೊಂದು ಕಾರಣವುಂಟು. ಗೂಡಿನ ತಳದ ರಬ್ಬರು ನಳಿಗೆಯಲ್ಲಿ ವರ್ಷಾನುಗಟ್ಟಲೆಯ ಎಲೆಗಳು ಸೇರಿ, ಕೊಳೆತು, ಗಟ್ಟಿ ಬಿರಡೆಯಾಗಿರುತ್ತವೆ. ಮಳೆ ನೀರು ಏರಿ ಏರಿ ಹೀಟರಿನ ಕಂಡಿಯಿಂದ ಒಳಗೆ ಇಳಿಯುತ್ತದೆ. ಜಮಖಾನದಡಿಯ ತಗಡು ತುಕ್ಕು ಹಿಡಿಯುವುದು ಹೀಗೆ. ಎಷ್ಟೋ ಮಂದಿ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಿಸಿಕೊಂಡು, ಆ ನಳಿಗೆಯನ್ನು ಮಾತ್ರ ಹಾಗೆಯೇ ಬಿಟ್ಟಿರುತ್ತಾರೆ. ಕೆಲವು ವರ್ಷಗಳಲ್ಲಿ ಹೊಸ ತಗಡಿಗೂ ಹಳೆಯದರ ಗತಿಯೇ.

ಶಸ್ತ್ರಚಿಕಿತ್ಸೆ

ಸೀಲು ಬದಲಾಯಿಸುವ ಕೆಲಸವನ್ನು ಕಾರು ಪುನರುದ್ಧಾರದ ಹವ್ಯಾಸಿಗಳು ಮುಂದೂಡುವುದೇಕೆಂಬುದಕ್ಕೆ ಅವರಲ್ಲೇ ಒಂದು ನಗೆಮಾತು ಪ್ರಚಾರದಲ್ಲಿದೆ. ಅಬಿಂಗ್ಡನ್ ಕಾರ್ಖಾನೆಯಲ್ಲಿ ಮೊದಲು ಹೀಟರನ್ನು ಸೂರಿನಿಂದ ತೂಗುಹಾಕುತ್ತಿದ್ದರಂತೆ. ಆಮೇಲೆ ಅದರ ಸುತ್ತ ಕಾರನ್ನು ಕಟ್ಟುತ್ತಿದ್ದರಂತೆ! ಪೆಟ್ಟಿಗೆಯನ್ನು ಒಮ್ಮೆ ಹೊರತೆಗೆದವರಿಗೆ ಇದು ನಗೆಮಾತೆನಿಸದೆ ಇತಿಹಾಸವೆನಿಸುವುದುಂಟು. ಪಟ್ಟಿಯ ಬೆಲೆ ಅಲ್ಪ. ಅದನ್ನು ಅಂಟಿಸಲು ತಗಲುವ ಹೊತ್ತು ಅರ್ಧ ಗಂಟೆ. ಅದು ಇರುವಲ್ಲಿಗೆ ತಲುಪಲು ಎರಡು ರಜಾದಿನಗಳು ಸಾಲವು.

ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಡ್ಯಾಷ್‌ಬೋರ್ಡಿನ ಹಿಂದೆ ತಂತಿಗಳ ಕಾಡೇ ಇದೆ. ಅಲ್ಲಿ ಒಂದು ಕಿಡಿ ಹಾರಿದರೂ ಸಾಕು. ಆಮೇಲೆ ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರಿನ ನೀರನ್ನು ಅಗಲವಾದ ಪಾತ್ರೆಗೆ ಇಳಿಸಬೇಕು. ಇಲ್ಲೊಂದು ಎಚ್ಚರಿಕೆ ಅಗತ್ಯ. ಹೆಪ್ಪುಗಟ್ಟದಿರಲೆಂದು ಆ ನೀರಿಗೆ ಬೆರೆಸುವ ಗ್ಲೈಕಾಲ್ ಸಿಹಿಯಾದ ವಿಷ. ನಾಯಿಯೂ ಮಗುವೂ ಅದರ ಸಿಹಿಗೆ ಮರುಳಾಗಬಹುದು. ಪಾತ್ರೆಯನ್ನು ಮುಚ್ಚಿ ಎತ್ತರದಲ್ಲಿಡದೆ ಮುಂದಿನ ಕೆಲಸಕ್ಕೆ ಕೈಹಾಕಬಾರದು.

ನೀರಿನ ಎರಡು ರಬ್ಬರು ಕೊಳವೆಗಳು, ಫ್ಯಾನಿನ ತಂತಿಗಳು, ಪೆಟ್ಟಿಗೆಯ ಅಂಚಿನ ಸುತ್ತಲಿನ ತಿರುಪುಗಳು, ಇವು ಬಂದವು ಎನ್ನಿ. ಪೆಟ್ಟಿಗೆ ಅಲುಗುವುದಿಲ್ಲ. ಅನನುಭವಿ ಇಲ್ಲಿ ಸುತ್ತಿಗೆ ಹುಡುಕುತ್ತಾನೆ. ಕಾರಣ ಒಳಗಿದೆ: ಗಾಜಿಗೆ ಹೋಗುವ ಎರಡು ಬಾಗು ಕೊಳವೆಗಳು ಡ್ಯಾಷ್‌ಬೋರ್ಡಿನ ಹಿಂದಿನಿಂದ ಪೆಟ್ಟಿಗೆಯನ್ನು ಕಚ್ಚಿಕೊಂಡಿವೆ. ಅವುಗಳನ್ನು ಕೀಳದೆ ಪೆಟ್ಟಿಗೆ ಮೇಲೇಳಲಾರದು. ಅವನ್ನು ಕೀಳಬೇಕಾದರೆ ರೇಡಿಯೋ ಇಟ್ಟ ಗೂಡು ಹೊರಬರಬೇಕು, ಹೀಟರಿನ ಗುಂಡಿಗೆ ಕಟ್ಟಿದ ತಂತಿ ಬಿಚ್ಚಬೇಕು, ಕಾರಿನ ನೆಲದ ಮೇಲೆ ಅಂಗಾತ ಮಲಗಿ, ತಲೆಯನ್ನು ಪೆಡಲುಗಳ ಕಡೆಗೆ ಚಾಚಿ, ಕಾಣದ ಕಡೆಗೆ ಕೈ ನೀಡಬೇಕು. ಕೆಲವರು ಡ್ಯಾಷ್‌ಬೋರ್ಡನ್ನೇ ಇಳಿಸಿಬಿಡುತ್ತಾರೆ. ಬಿಚ್ಚುವ ಮುನ್ನ ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ, ಒಂದೊಂದು ಹಂತಕ್ಕೂ ಫೋಟೋ ತೆಗೆದಿಟ್ಟುಕೊಂಡವರು ಮಾತ್ರ ಆ ಧೈರ್ಯ ಮಾಡಬಹುದು. ‘ನೆನಪಿರುತ್ತದೆ’ ಎಂದುಕೊಂಡವರ ಕಾರಿನಲ್ಲಿ ಕೊನೆಗೆ ವೈಪರಿನ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ.

ಐವತ್ತು ವರ್ಷದ ಪ್ಲಾಸ್ಟಿಕ್ಕು ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಕೊಳವೆಗಳನ್ನು ಎಳೆಯುವ ಮೊದಲು ತಲೆಗೂದಲು ಒಣಗಿಸುವ ಯಂತ್ರದಿಂದ ಒಂದೆರಡು ನಿಮಿಷ ಬೆಚ್ಚಗೆ ಮಾಡಿಕೊಂಡರೆ ಒಳ್ಳೆಯದು. ಮನೆಯವರ ಆ ಯಂತ್ರ ಗರಾಜಿಗೆ ಹೋಗಿ ಮಸಿಯಾಗಿ ಹಿಂತಿರುಗುವುದು ಹವ್ಯಾಸಿಗಳ ಸಂಸಾರದಲ್ಲಿ ಒಂದು ಸಣ್ಣ ಕಲಹಕ್ಕೆ ಕಾರಣವಾಗುತ್ತದೆ. ಆದರೆ ಮುರಿದ ಕೊಳವೆಯನ್ನು ಹುಡುಕುವ ಕಷ್ಟಕ್ಕಿಂತ ಅದು ಮೇಲು. ಅಂತೂ ಎಂಜಿಬಿಯ ಮಾಲಿಕ ಈ ವಿಷಯದಲ್ಲಿ ಭಾಗ್ಯವಂತ. ಆ ಕಾರಿನ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. 1988ರಿಂದ ಇಡೀ ಕಾರಿನ ಮೈಯನ್ನೇ ಹೊಸದಾಗಿ ಮಾಡಿ ಮಾರುತ್ತಿದ್ದಾರೆ. ವಿರಳವಾದ ಕಾರುಗಳನ್ನಿಟ್ಟುಕೊಂಡವರಿಗೆ ಆ ಸೌಲಭ್ಯವೆಲ್ಲಿ?

ಪೆಟ್ಟಿಗೆ ಹೊರಬಂದ ಮೇಲೆ ಮುಚ್ಚಳದ ಕ್ಲಿಪ್ಪುಗಳನ್ನು ಬಿಚ್ಚಿದರೆ ಕಾಣುವ ದೃಶ್ಯ ಹಳೆಯ ಮನೆಯ ಅಟ್ಟವನ್ನು ನೆನಪಿಗೆ ತರುವಂಥದು: ಎಲೆ, ಜೇಡನ ಬಲೆ, ತುಕ್ಕು, ಕರಿಯ ಹುಡಿ. ಒತ್ತಡದ ಗಾಳಿಯಿಂದ ಒಮ್ಮೆಗೇ ಊದಿಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಬಾರದು. ಆ ಕಾಲದ ಕಾರುಗಳ ಬ್ರೇಕು, ಕ್ಲಚ್ಚು, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರನ್ನು ಧಾರಾಳವಾಗಿ ಬಳಸುತ್ತಿದ್ದರು. ಬ್ರಿಟನ್ ಅದನ್ನು ಸಂಪೂರ್ಣವಾಗಿ ನಿಷೇಧಿಸಿದ್ದು 1999ರಲ್ಲಿ. ಎಂಜಿನ್ ಕೋಣೆಯ ಹಳೆಯ ಧೂಳಿನಲ್ಲಿ ಏನಿದೆಯೆಂದು ಕಣ್ಣಿಂದ ಹೇಳಲಾಗದು. ಮೂಗಿಗೆ ಸರಿಯಾದ ಮುಖವಾಡ ಕಟ್ಟಿಕೊಂಡು, ಧೂಳನ್ನು ನೀರಿನಿಂದ ತೋಯಿಸಿ, ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯುವುದೇ ವಿವೇಕ.

ಹಳೆಯ ಅಂಟನ್ನು ಕೆರೆಯುವುದು ಬೇಸರದ ಕೆಲಸ. ಆದರೆ ಇದನ್ನು ಅರ್ಧಕ್ಕೆ ಬಿಟ್ಟವರ ಹೊಸ ಸೀಲು ಮೊದಲ ಬೇಸಗೆಗೇ ಕಳಚುತ್ತದೆ. ಲೋಹದ ಮೇಲೆ ಸ್ಪಿರಿಟ್ಟಿನಲ್ಲಿ ನೆನೆಸಿದ ಬಟ್ಟೆಯೂ ಪ್ಲಾಸ್ಟಿಕ್ಕಿನ ಉಳಿಯೂ ಸಾಕು. ಪ್ಲಾಸ್ಟಿಕ್ ಕೊಳವೆಗಳಿಗೆ ಮಾತ್ರ ಬಣ್ಣದ ಥಿನ್ನರನ್ನಾಗಲಿ ಅಸಿಟೋನನ್ನಾಗಲಿ ತಾಗಿಸಬಾರದು. ಅಂಟಿನ ಜೊತೆಗೆ ಕೊಳವೆಯೂ ಕರಗಬಹುದು. ಪೆಟ್ಟಿಗೆಯ ತುಕ್ಕು ಉಜ್ಜಿ ಬಣ್ಣ ಬಳಿದು, ಪುಟ್ಟ ರೇಡಿಯೇಟರಿನಲ್ಲಿ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಷ್ಟು ಕಷ್ಟಪಟ್ಟು ಹೊರತೆಗೆದದ್ದನ್ನು ಪರೀಕ್ಷಿಸದೆ ಮರಳಿ ಕೂರಿಸಿ, ಮರುದಿನ ಜಮಖಾನದ ಮೇಲೆ ಬಿಸಿನೀರು ಕಂಡವರ ಮುಖ ನೋಡುವಂತಿರುವುದಿಲ್ಲ.

ಹಳೆಯದೋ ಹೊಸದೋ?

ಈಗ ಬರುವುದು ವಿವಾದದ ಮಾತು. ಹೊಸ ಸೀಲು ಯಾವುದರದಾಗಿರಬೇಕು? ಕಾರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಇರಬೇಕೆನ್ನುವ ಮಡಿವಂತರ ಪಂಥವೊಂದಿದೆ. ತಿರುಪಿನ ತಲೆಯ ಆಕಾರವನ್ನೂ ಅವರು ಬಿಡುವುದಿಲ್ಲ. ಅವರ ಮಾತಿನಲ್ಲಿ ನ್ಯಾಯವಿದೆ. ಒಬ್ಬೊಬ್ಬನೂ ತನ್ನ ಅನುಕೂಲಕ್ಕೆ ತಿದ್ದುತ್ತ ಹೋದರೆ ಐವತ್ತು ವರ್ಷಗಳಲ್ಲಿ ಎಂಜಿಬಿ ಎಂದರೇನೆಂಬುದೇ ಮರೆತುಹೋದೀತು. ಆದರೆ ಕಣ್ಣಿಗೆ ಕಾಣದ ಎಡೆಯಲ್ಲಿ, ಹುಡಿಯಾಗುವುದೆಂದು ತಿಳಿದಿರುವ ಅದೇ ಸ್ಪಂಜನ್ನು ಮತ್ತೆ ತುಂಬುವುದು ನಿಷ್ಠೆಯೋ ಹಟವೋ? ಡ್ಯಾಷ್‌ಬೋರ್ಡಿನ ಮುಂದೆ ಮಡಿ, ಹಿಂದೆ ವಿವೇಕ ಎನ್ನುವವರ ಪಕ್ಷವೇ ಸರಿಯೆಂದು ತೋರುತ್ತದೆ.

ಆ ಪಕ್ಷದವರಿಗೆ ಎರಡು ವಸ್ತುಗಳು ಒದಗಿವೆ. ಒಂದು, ಅಮೆರಿಕದ ಡೂಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1930ರಲ್ಲಿ ಹುಟ್ಟಿದ ನಿಯೋಪ್ರೀನ್ ಎಂಬ ಕೃತಕ ರಬ್ಬರು. ಎಣ್ಣೆಯ ಪಸೆಗೆ ಅದು ಸಾಕಷ್ಟು ತಾಳಿಕೊಳ್ಳುತ್ತದೆ. ಇನ್ನೊಂದು, 1960ರ ದಶಕದಲ್ಲಿ ಬಳಕೆಗೆ ಬಂದ ಇಪಿಡಿಎಂ. ಬಿಸಿ, ತೇವ, ಗಾಳಿಯಲ್ಲಿನ ಓಝೋನು ಇವಕ್ಕೆಲ್ಲ ಅದು ಜಗ್ಗುವುದಿಲ್ಲ, ಆದರೆ ಎಣ್ಣೆ ಸೋಕಿದರೆ ಉಬ್ಬುತ್ತದೆ. ಎಂಜಿನ್ ಕೋಣೆಯ ಕಡೆಗೆ ಮೊದಲನೆಯದನ್ನೂ, ಒಳಗಿನ ಕೊಳವೆಗಳಿಗೆ ಎರಡನೆಯದನ್ನೂ ಹಾಕುವುದು ಯೋಗ್ಯ. ಯಾವುದೇ ಆಗಲಿ, ಗುಳ್ಳೆಗಳು ಒಂದಕ್ಕೊಂದು ತೆರೆದುಕೊಳ್ಳದೆ ಮುಚ್ಚಿಕೊಂಡಿರುವ ಜಾತಿಯದಾಗಿರಬೇಕು. ಸ್ನಾನದ ಸ್ಪಂಜಿನಂತೆ ಗುಳ್ಳೆಗಳು ತೆರೆದಿದ್ದರೆ ಅದು ನೀರನ್ನು ಕುಡಿದು ಕೂರುತ್ತದೆ.

ದಪ್ಪದ ವಿಷಯದಲ್ಲೂ ಲೆಕ್ಕ ಬೇಕು. ದಪ್ಪವಾದಷ್ಟೂ ಭದ್ರವೆಂದು ಬಗೆದು ತುರುಕಿದರೆ ಪೆಟ್ಟಿಗೆ ತನ್ನ ಜಾಗದಲ್ಲಿ ಕೂರದೆ, ತಿರುಪು ಬಿಗಿದಾಗ ತಗಡು ಬಾಗುತ್ತದೆ. ತೆಳುವಾದರೆ ಸಂದು ಉಳಿಯುತ್ತದೆ. ಒತ್ತಿದಾಗ ಮೂರರಲ್ಲಿ ಒಂದು ಪಾಲಿನಷ್ಟು ಕುಗ್ಗುವ ದಪ್ಪ ಹದವಾದದ್ದು. ಅಡುಗೆಯ ಹದದಂತೆ ಇದೂ ಕೈಗೆ ಬರಬೇಕಾದದ್ದು. ಪಟ್ಟಿಯ ಎರಡು ತುದಿಗಳು ಸೇರುವ ಎಡೆ ಯಾವಾಗಲೂ ಮೇಲ್ಭಾಗದಲ್ಲಿರಲಿ; ನೀರು ನಿಲ್ಲುವ ಕೆಳ ಅಂಚಿನಲ್ಲಿ ಬೇಡ.

ಎಲ್ಲವನ್ನೂ ಮರಳಿ ಕೂರಿಸುವ ಮುನ್ನ ಗೂಡಿನ ನಳಿಗೆಯೊಳಗೆ ತಂತಿ ಹಾಯಿಸಿ, ಒಂದು ಚೊಂಬು ನೀರು ಸುರಿದು, ಅದು ಕಾರಿನಡಿಗೆ ಸರಾಗವಾಗಿ ಬೀಳುವುದನ್ನು ಕಣ್ಣಾರೆ ನೋಡಬೇಕು. ಜೋಡಣೆಯಾದ ನಂತರದ ಪರೀಕ್ಷೆಗೆ ದೊಡ್ಡ ಸಲಕರಣೆಯೇನೂ ಬೇಡ. ರಾತ್ರಿ ಎಂಜಿನ್ ಕೋಣೆಯಲ್ಲಿ ದೀಪವಿಟ್ಟು, ಒಳಗೆ ಕತ್ತಲೆಯಲ್ಲಿ ಕುಳಿತು ಅಡ್ಡಗೋಡೆಯನ್ನು ನೋಡಿದರೆ, ಬೆಳಕು ಇಣುಕಿದಲ್ಲೆಲ್ಲ ಗಾಳಿಯೂ ಇಣುಕುತ್ತದೆಂದು ತಿಳಿಯಬಹುದು. ನಮ್ಮ ಮನೆಗಳ ಊದುಬತ್ತಿಗಿಂತ ಒಳ್ಳೆಯ ಸಾಧನವೂ ಇಲ್ಲ. ಪೆಟ್ರೋಲಿನ ವಾಸನೆ ಸುತ್ತಮುತ್ತ ಇಲ್ಲವೆಂದು ಖಚಿತಪಡಿಸಿಕೊಂಡು, ಎಂಜಿನ್ ನಿಲ್ಲಿಸಿ, ಫ್ಯಾನು ಮಾತ್ರ ಓಡಿಸಿ, ಕಾರಿನೊಳಗೆ ಡ್ಯಾಷ್‌ಬೋರ್ಡಿನ ಅಡಿಯಲ್ಲಿ ಸಂದುಗಳ ಬಳಿ ಅದನ್ನು ಹಿಡಿದರೆ, ಹೊಗೆಯ ಎಳೆ ನೇರವಾಗಿ ಏರುತ್ತದೆಯೋ ಓಲಾಡುತ್ತದೆಯೋ ಎಂಬುದೇ ಸೀಲಿನ ಸಾಕ್ಷಿ. ಹೊಗೆಕೊಳವೆಯ ಜೋಡಣೆಗಳನ್ನು ನೋಡಿಸದೆ ಕೆಲಸ ಮುಗಿಯಿತೆನ್ನುವಂತಿಲ್ಲ; ಅಗ್ಗವಾಗಿ ದೊರೆಯುವ ಕಾರ್ಬನ್ ಮೊನಾಕ್ಸೈಡ್ ಸೂಚಕವೊಂದನ್ನು ಸೀಟಿನ ಬಳಿ ಇಟ್ಟುಕೊಳ್ಳುವವರೂ ಇದ್ದಾರೆ. ಅಂದದ ಹಳೆಯ ಕಾರಿನಲ್ಲಿ ಅದು ಅಪಶಕುನದಂತೆ ಕಾಣುತ್ತದೆ, ನಿಜ. ಇರಲಿ.

ಮತ್ತೊಂದು ಚಳಿಯ ಮುಂಜಾನೆ. ಕೆಂಪು ಕಾರು ಗರಾಜಿನಿಂದ ಹೊರಬಂದಿದೆ. ಗಾಜಿನ ಮೇಲೆ ಎಂದಿನಂತೆ ಮಸುಕು. ಯಜಮಾನರು ಅಭ್ಯಾಸಬಲದಿಂದ ಬಟ್ಟೆಗೆ ಕೈ ಹಾಕುತ್ತಾರೆ. ಎಂಜಿನ್ನಿನ ನೀರು ಬಿಸಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ. ಆಮೇಲೆ ಗಾಜಿನ ಬುಡದಲ್ಲಿ, ಸೀಳುಗಳ ಎದುರಿಗೆ, ಅಂಗೈಯಗಲದ ಎರಡು ಅರ್ಧಚಂದ್ರಗಳು ಮೂಡುತ್ತವೆ. ಮೆಲ್ಲನೆ ಮೇಲೇರುತ್ತ, ಅಗಲವಾಗುತ್ತ, ನಡುವೆ ಬಂದು ಒಂದನ್ನೊಂದು ಕೂಡುತ್ತವೆ. ಬೇಲಿ ಕಾಣುತ್ತದೆ; ಬೇಲಿಯಾಚೆಯ ಕುರಿಗಳು ಕಾಣುತ್ತವೆ. ಗೃಹಿಣಿ ಈ ಸಲವೂ ಬಿಳಿಯ ಕೋಟನ್ನೇ ತೊಟ್ಟಿದ್ದಾರೆ. ದಾರಿಯ ತಿರುವಿನಲ್ಲಿ, ಯಾವ ಮೂಲೆಯಲ್ಲಿ ಅಡಗಿತ್ತೋ ಏನೋ, ಹಳೆಯ ಸ್ಪಂಜಿನ ಒಂದೇ ಒಂದು ಚೂರು ಹಾರಿಬಂದು ಅವರ ತೋಳಿನ ಮೇಲೆ ಕೂರುತ್ತದೆ.